ಬುಟ್ಟಿ ಕೋಣೆಯ ಭಾನುವಾರ

ಹೆಬ್ಬಾಳದ ಕೆರೆ ದಾಟಿ ಅಮೃತಹಳ್ಳಿ ಕಡೆಗೆ ತಿರುಗಿದರೆ ಆಗೆಲ್ಲ ದ್ರಾಕ್ಷಿ ತೋಟಗಳು. ಅದರಲ್ಲಿ ಒಂದು ನನ್ನ ಗಂಡನ ಮನೆಯದು. ಯಜಮಾನಿಕೆ ಅತ್ತೆಯದು. ಮಾವ ತೀರಿಕೊಂಡಾಗಿನಿಂದ ಚಪ್ಪರದ ಕಂಬದಿಂದ ಹಿಡಿದು ಮಾರುಕಟ್ಟೆಗೆ ಹೋಗುವ ಗಾಡಿಯವರೆಗೆ ಎಲ್ಲವೂ ಅವರ ಕಣ್ಣೆದುರೇ ನಡೆಯಬೇಕು. ನಾನು ಡ್ರಾಯಿಂಗ್ ಮೇಷ್ಟರ ಮಗಳು. ಮದುವೆಯಾಗಿ ಬರುವಾಗ ಒಂದು ಟ್ರಂಕಿನಲ್ಲಿ ಸೀರೆ, ಇನ್ನೊಂದರಲ್ಲಿ ಬಣ್ಣ ತಂದವಳು. ಎರಡನೇ ಟ್ರಂಕು ನೋಡಿ ಯಾರೂ ಏನೂ ಅನ್ನಲಿಲ್ಲ, ಎಲ್ಲಿಡಬೇಕು ಅಂತಲೂ ಹೇಳಲಿಲ್ಲ.

ಜಾಗ ನಾನೇ ಹುಡುಕಿಕೊಂಡೆ. ಮನೆಗೆ ಅಂಟಿಕೊಂಡಂತೆ ಒಂದು ಬುಟ್ಟಿ ಕೋಣೆ ಇತ್ತು. ಕೊಯ್ಲಿನ ಕಾಲದಲ್ಲಿ ದ್ರಾಕ್ಷಿಯನ್ನು ಬುಟ್ಟಿಗೆ ತುಂಬುವುದು ಅಲ್ಲಿ. ಉಳಿದ ತಿಂಗಳೆಲ್ಲ ಅದು ಖಾಲಿ. ಉತ್ತರಕ್ಕೆ ದೊಡ್ಡ ಕಿಟಕಿ. ಬಿಸಿಲು ಒಳಗೆ ಬೀಳದು, ಬೆಳಕು ಮಾತ್ರ ಬೆಳಗಿನಿಂದ ಸಂಜೆಯವರೆಗೂ ಒಂದೇ ಸಮ. ಬಣ್ಣ ಹಾಕುವವರಿಗೆ ಇನ್ನೇನು ಬೇಕು? ಆದರೆ ಕೊಯ್ಲು ಬಂತೆಂದರೆ ನನ್ನ ಚಿತ್ರಗಳು ಅಟ್ಟ ಸೇರಬೇಕು. ಇಳಿಸಿದಾಗ ಯಾವುದಾದರೊಂದನ್ನು ಇಲಿ ಕಡಿದೇ ಇರುತ್ತಿತ್ತು. ಒಂದು ವರ್ಷ ನನಗೆ ತಡೆಯಲಾಗಲಿಲ್ಲ. ಕೋಣೆ ನನಗೇ ಬಿಟ್ಟುಕೊಡಿ ಎಂದು ಜಗಳಕ್ಕೇ ನಿಂತೆ.

ಅತ್ತೆ ಜಗಳ ಆಡುವವರಲ್ಲ, ತೀರ್ಪು ಕೊಡುವವರು. "ನಂಗೆ ಇದೆಲ್ಲ ತಿಳಿಯಲ್ಲ ಕಣಮ್ಮ. ನಾಕ್ ಜನ ಬಂದು ನೋಡ್ಲಿ. ಇದೂ ಒಂದ್ ಕೆಲ್ಸಾನೇ ಅಂದ್ರೆ ರೂಮು ನಿಂದು. ಇಲ್ಲಾಂದ್ರೆ ಬುಟ್ಟಿ ಬತ್ತವೆ" ಅಂದರು.

ಸರಿ, ಒಂದು ಭಾನುವಾರ ಗೊತ್ತುಮಾಡಿದೆವು. ನನ್ನ ಗಂಡ ತಮ್ಮ ಸ್ನೇಹಿತರಿಗೆ ಹೇಳಿದರು. ಹಾಲಿನವನು ಸೈಕಲ್ ಹೋದ ಕಡೆಯೆಲ್ಲ, ಬಾಗಲೂರಿನವರೆಗೂ, "ಭಾನುವಾರ ಅವರ ಮನೇಗೆ ಎಲ್ಲಾರೂ ಓಗ್ತಾವ್ರೆ, ನೀವ್ ಓಗಲ್ವಾ?" ಎಂದು ಸಾರಿಕೊಂಡು ಬಂದ. ಯಾಕೆ ಹೋಗಬೇಕು ಅನ್ನುವುದನ್ನು ಮಾತ್ರ ಹೇಳಿರಲಿಲ್ಲ, ಪುಣ್ಯಾತ್ಮ.

ನನ್ನ ಚಿಂತೆ ಬೇರೆಯೇ ಇತ್ತು. ಅಲ್ಲಿದ್ದ ಚಿತ್ರಗಳಲ್ಲೆಲ್ಲ ನನಗೇ ನಂಬಿಕೆ ಇದ್ದದ್ದು ಒಂದರ ಮೇಲೆ. ಅತ್ತೆ ನೆಲದ ಮೇಲೆ ಕೂತು, ಗೊಂಚಲಿನಿಂದ ಕೊಳೆತ ಹಣ್ಣನ್ನು ಕತ್ತರಿಯಲ್ಲಿ ಬಿಡಿಸುತ್ತಿರುವ ಚಿತ್ರ. ಕೆಲಸ ನಿಲ್ಲಿಸದೆ ಬರೆಸಿಕೊಂಡಿದ್ದರು. ಮುಗಿದ ಮೇಲೆ ಬಹಳ ಹೊತ್ತು ನೋಡಿ, "ಬದುಕಿರೋರ ಪಟ ಗೋಡೆಗೆ ಆಕ್ಬಾರ್ದು. ನಾನ್ ಸತ್ಮೇಲೆ ಆಕ್ಕೊ" ಎಂದು ಎದ್ದುಹೋಗಿದ್ದರು. ಅದು ನಿಜವೇ; ನಮ್ಮ ನಡುಮನೆಯ ಗೋಡೆಯ ಮೇಲಿದ್ದವರೆಲ್ಲ ಗಂಧದ ಹಾರ ಹಾಕಿಸಿಕೊಂಡವರೇ. ಹಾಗಾಗಿ ಕೋಣೆಯನ್ನು ಗೆದ್ದುಕೊಡಬಲ್ಲ ಒಂದೇ ಒಂದು ಚಿತ್ರ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಭಾನುವಾರ ಬೆಳಗಿನಿಂದ ಕೂತಲ್ಲಿ ಕೂರಲಾಗಲಿಲ್ಲ. ತೂಗುಹಾಕಿದ್ದನ್ನು ಇಳಿಸಿದೆ, ಇಳಿಸಿದ್ದನ್ನು ತೂಗುಹಾಕಿದೆ. ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆಗೆ ಬಂದವರು ಮೂಗು ಮುಚ್ಚಿಕೊಂಡಾರು ಎಂದು ಊದುಬತ್ತಿ ಹಚ್ಚಿ ಬಾಳೆಹಣ್ಣಿಗೆ ಚುಚ್ಚಿ ಅತ್ತೆಯ ಚಿತ್ರವಿದ್ದ ಮೂಲೆಯಲ್ಲೇ ಇಟ್ಟೆ. ಉಪ್ಪಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಅತ್ತೆಯನ್ನೇ ಕೇಳಿದೆ. "ನೀನ್ ಆಚೆ ಓಗು, ನಾನ್ ನೋಡ್ಕತೀನಿ" ಎಂದು ಸೌಟು ಕಿತ್ತುಕೊಂಡರು.

ಜನವೇನೋ ಬಂದರು. ಅಂಗಳದಲ್ಲಿ ಚಪ್ಪಲಿ ರಾಶಿ ಬಿತ್ತು. ಆದರೆ ಅವರು ಆಡಿದ ಮಾತು! "ಕ್ಯಾಲೆಂಡರಲ್ಲಿ ಬರೋ ಹಂಗೇ ಇದೆ ಕಣ್ರೀ" ಅನ್ನುವುದೇ ಎಲ್ಲಕ್ಕಿಂತ ದೊಡ್ಡ ಹೊಗಳಿಕೆ. ಪಕ್ಕದ ತೋಟದಾಕೆ, "ಇದ್ನ ಬರೀತಾ ಕುಂತ್ರೆ ಒಲೆ ಮುಂದೆ ಯಾರ್ ಇರ್ತಾರೆ?" ಅಂದಳು. ಕೃಷಿ ಕಾಲೇಜಿನ ಮೇಷ್ಟರೊಬ್ಬರು ಹೆಂಡತಿಯೊಡನೆ ಬಂದಿದ್ದರು. ನಾನು ಬರೆದ ದ್ರಾಕ್ಷಿ ಚಪ್ಪರದ ಮುಂದೆ ಕನ್ನಡಕ ಏರಿಸಿ ನಿಂತರು. ಕೊನೆಗೆ ಬಾಯಿಬಿಟ್ಟರು: "ಎಲೆಗೆ ರೋಗ ಬಿದ್ದಿದೆ. ಬೇಗ ಔಷಧಿ ಹೊಡೆಸಿ." ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅತ್ತೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ತಲೆ ತಗ್ಗಿಸಿ ಉಪ್ಪಿಟ್ಟು ಬಡಿಸಿದೆ.

ಮೇಷ್ಟರ ಹೆಂಡತಿಗೆ ಬೇಸರ ಬಂದಿತ್ತೋ ಏನೋ, ಮೂಲೆಗೆ ಹೋಗಿ "ಇದ್ಯಾವುದು?" ಎಂದು ಆ ಚಿತ್ರವನ್ನು ಇತ್ತ ತಿರುಗಿಸಿಬಿಟ್ಟರು.

ಮಾತು ನಿಂತಿತು. ಒಬ್ಬೊಬ್ಬರಾಗಿ ಹತ್ತಿರ ಬಂದು ನಿಂತರು. ಯಾರೂ ಕ್ಯಾಲೆಂಡರ್ ಅನ್ನಲಿಲ್ಲ. ತಟ್ಟೆ ಹಿಡಿದವರು ತಿನ್ನುವುದನ್ನೂ ಬಿಟ್ಟು ನೋಡಿದರು. ಬೆಳಗಿನಿಂದ ನಾನು ಕಾಯುತ್ತಿದ್ದದ್ದು ಇದಕ್ಕೇ.

ಅಷ್ಟರಲ್ಲಿ ಬಾಗಿಲಲ್ಲಿ ಬಾಗಲೂರಿನ ಚಿಕ್ಕತ್ತೆ ಕಾಣಿಸಿಕೊಂಡರು. ಅತ್ತೆಯ ತಂಗಿ. ನನ್ನ ನಾದಿನಿಯ ಮದುವೆಗೆ ಸರಿಯಾಗಿ ಕರೆಯಲಿಲ್ಲ ಎಂದು ಅಕ್ಕನ ಮೇಲೆ ಮುನಿಸಿಕೊಂಡು ಎರಡು ವರ್ಷದಿಂದ ಈ ಕಡೆ ತಲೆಹಾಕಿರಲಿಲ್ಲ. ಹಾಲಿನವನ ಮಾತು ಕೇಳಿ ಎದ್ದುಬಿದ್ದು ಬಂದಿದ್ದರು. ಬಂದು ನೋಡಿದರೆ ಅಂಗಳದ ತುಂಬ ಚಪ್ಪಲಿ, ಒಳಗೆ ತುಟಿ ಬಿಚ್ಚದೆ ನಿಂತ ಜನ, ನೆಲದ ಮೇಲೆ ಅಕ್ಕನ ಪಟ, ಮುಂದೆ ಊದುಬತ್ತಿ.

"ಅಯ್ಯೋ ನಮ್ಮಕ್ಕಾ! ನಂಗೊಂದ್ ಮಾತ್ ಯೋಳ್ದೆ ಓಗ್ಬುಟ್ಯಾ!"

ಎದೆ ಬಡಿದುಕೊಂಡು ಪಟದ ಮುಂದೆ ಕುಸಿದರು. ಮುಡಿಯಲ್ಲಿದ್ದ ಹೂವನ್ನು ಕಿತ್ತು ಅದರ ಮೇಲಿಟ್ಟರು. ಹಳ್ಳಿಯ ಹೆಂಗಸರು ಸಾವಿನ ಮನೆಯಲ್ಲಿ ಸುಮ್ಮನೆ ಅಳುವುದಿಲ್ಲ. ಹೋದವರ ಬದುಕನ್ನೆಲ್ಲ ಹೇಳಿ ಹೇಳಿ ಅಳುತ್ತಾರೆ. "ನನ್ ಕೂಸಿಗೆ ಆಲಿಲ್ದೆ ಅಳ್ತಿದ್ರೆ ನಿನ್ ಎದೆಗಾಕ್ಕೊಂಡು ಉಳಿಸ್ದ್ಯಲ್ಲವ್ವಾ! ಗಂಡ ಓದ್ ತಿಂಗ್ಳಿಗೇ ಸೆರಗ್ ಸಿಗಿಸ್ಕೊಂಡು ತೋಟಕ್ಕಿಳಿದ್ಯಲ್ಲಾ, ಊರೋರು ಆಡ್ಕೊಂಡ್ರು, ನಾನೂ ಆಡ್ಕೊಂಡ್ನಲ್ಲವ್ವಾ! ಒಂದ್ ಕರೆಯೋಲೆಗೆ ಮಕ ತಿರುಗಿಸ್ಕೊಂಡ್ ಕುಂತ್ನಲ್ಲಾ, ಪಾಪಿ ನಾನು!"

ನಾನು ಗಾಬರಿಯಿಂದ ಮುಂದೆ ಹೋಗಲು ನೋಡಿದೆ. ಹಿಂದಿನಿಂದ ಒಂದು ಕೈ ನನ್ನ ತೋಳು ಹಿಡಿಯಿತು. ರವೆ ಮೆತ್ತಿದ ಕೈ.

"ಸುಮ್ಕಿರು. ಯೋಳ್ಲಿ" ಅಂದರು ಅತ್ತೆ ಮೆಲ್ಲಗೆ.

ಅವರು ಕೇಳುತ್ತ ನಿಂತರು. ಆ ಕೂಸಿನ ವಿಷಯ ನನಗೂ ಗೊತ್ತಿರಲಿಲ್ಲ, ನನ್ನ ಗಂಡನಿಗೂ ಗೊತ್ತಿರಲಿಲ್ಲ. ಅವರ ಗದ್ದ ಸಣ್ಣಗೆ ನಡುಗುತ್ತಿತ್ತು. ಅಷ್ಟು ದಿನ ಕೂತು ಬರೆದರೂ ನಾನು ಆ ಮುಖವನ್ನು ನೋಡಿರಲಿಲ್ಲ.

ಚಿಕ್ಕತ್ತೆ ಉಸಿರು ತೆಗೆದುಕೊಳ್ಳಲು ನಿಂತಾಗ ಅತ್ತೆ, "ಮುಗೀತೇನೇ?" ಅಂದರು.

ಚಿಕ್ಕತ್ತೆ ತಿರುಗಿ ನೋಡಿ ಕಿಟಾರನೆ ಕಿರುಚಿದರು. ಆಮೇಲೆ ಅಕ್ಕನ ಬೆನ್ನಿಗೆ ದಬದಬನೆ ಗುದ್ದಿ, ಬೈದು, ತಬ್ಬಿಕೊಂಡು ಮತ್ತೆ ಅತ್ತರು. ಅತ್ತೆ ಪಟದ ಮೇಲಿನ ಹೂವನ್ನು ತೆಗೆದು ತಂಗಿಯ ಮುಡಿಗೇ ಸಿಗಿಸಿದರು. "ನಾನಿನ್ನೂ ಸತ್ತಿಲ್ಲ ಕಣೇ, ತಗೋ ನಿನ್ ಊವ." ಜನ ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದು, ಆಮೇಲೆ ನಕ್ಕು, ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ಹೋದರು.

ಚಿತ್ರದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಇದು ಕೆಲಸ ಅಂತಲೂ ಅನ್ನಲಿಲ್ಲ. ಸಂಜೆ ಸಿಟ್ಟಿನಿಂದ ಒಂದೊಂದೇ ಇಳಿಸುತ್ತಿದ್ದೆ. ಸೋತೆ ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ.

"ಅದ್ಯಾಕ್ ಇಳಿಸ್ತೀಯ?" ಅತ್ತೆ ಬಾಗಿಲಲ್ಲಿದ್ದರು.

"ಬುಟ್ಟಿ ಬರುತ್ತಲ್ಲ" ಅಂದೆ, ಮುಖ ಕೊಡದೆ.

ಅವರು ತಮ್ಮ ಪಟವನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಎದುರು ಗೋಡೆಗೆ ಹಿಡಿದರು. "ಇಲ್ಲೊಂದ್ ಮೊಳೆ ಒಡಿ. ಸಾವಿನ್ ಮನೇಲಿ ಆಡೋದ್ನೆಲ್ಲ ಬದುಕಿದ್ದೇ ಕೇಳಿದ್ದಾಯ್ತು, ಇನ್ನೇನ್ ಭಯ? ನನ್ ಮಕದ್ ಮುಂದೆ ಬುಟ್ಟಿ ಪೇರ್ಸಕ್ಕೆ ಬಿಟ್ಟೇನಾ ನಾನು?"

ಬುಟ್ಟಿಗಳಿಗೆ ಬಾವಿಯ ಹತ್ತಿರ ಶೀಟು ಹೊದಿಸಿದ ಕೊಟ್ಟಿಗೆಯಾಯಿತು.

ಕೆಲವು ವರ್ಷಗಳ ಮೇಲೆ ಅತ್ತೆ ನಿಜವಾಗಿಯೂ ಹೋದರು. ಪಟವನ್ನು ನಡುಮನೆಗೆ ತಂದು ಮಾವನ ಪಟದ ಪಕ್ಕಕ್ಕೆ ಹಾಕಿದೆ. ಹೆಂಗಸರೆಲ್ಲ ಹೇಳಿಕೊಂಡು ಅಳುತ್ತಿದ್ದರು. ಬಾಗಲೂರಿನಿಂದ ಚಿಕ್ಕತ್ತೆ ಬಂದಾಗ, ಒಡಹುಟ್ಟಿದವಳು ಈಗ ಶುರುಮಾಡುತ್ತಾಳೆ ಎಂದು ಎಲ್ಲರೂ ದಾರಿ ಬಿಟ್ಟರು. ಅವರು ಮುಡಿಯ ಹೂವು ತೆಗೆದು ಅಕ್ಕನ ಕಾಲ ಬಳಿ ಇಟ್ಟು, ಗೋಡೆಗೊರಗಿ ಕೂತರು. ಬಾಯಿ ತೆರೆಯಲಿಲ್ಲ. ಹೆಂಗಸರು ಪಿಸುಗುಟ್ಟತೊಡಗಿದರು. ನನಗೂ ತಡೆಯದೆ ಪಕ್ಕ ಕೂತು, "ಯಾಕೆ ಚಿಕ್ಕತ್ತೆ?" ಎಂದು ಕೇಳಿದೆ.

"ಅವತ್ತೇ ಎಲ್ಲಾ ಯೋಳ್ಬುಟ್ಟೆ ಕಣಮ್ಮ. ಅವ್ಳು ಕೇಳುಸ್ಕೊಂಡ್ಳು. ಇನ್ ಯಾರಿಗ್ ಯೋಳ್ಲಿ?"