ಓಣಿಯ ನಾಯಿಗೆ ಕಟ್ಟಿದ ಬೆಲ್ಟು

ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಎದ್ದಿತೆಂದರೆ ಆ ಕೆಂದ ನಾಯಿಯ ತಿರುಗಾಟ ಶುರುವಾಗುತ್ತಿತ್ತು. ಇಲ್ಲಿ ಮನೆಮಂದಿಯ ರೊಟ್ಟಿ ಬುಟ್ಟಿಗೆ ಬಿದ್ದ ಮೇಲೆ ಕಡೆಗೆ ಉಳಿದ ಹಿಟ್ಟಿನಲ್ಲಿ ಅಂಗೈಯಗಲದ ಇನ್ನೊಂದನ್ನು ಬಡಿಯುತ್ತಾರೆ. ಅದು ನಾಯಿಯ ರೊಟ್ಟಿ. ಕೆಂದ ನಾಯಿ ಒಂದೊಂದೇ ಮನೆಯ ಮುಂದೆ ಹೋಗಿ ರಂಗೋಲಿಯ ಆಚೆಗೆ ಕೂರುತ್ತಿತ್ತು. ಬೊಗಳುವುದಿಲ್ಲ, ಹೊಸ್ತಿಲ ಕಡೆಗೆ ಒಂದು ಹೆಜ್ಜೆ ಮುಂದೆ ಬರುವುದಿಲ್ಲ. ಒಂದು ಮನೆಗೆ ಬೀಗ ಬಿದ್ದಿದ್ದರೆ ಮುಂದಿನ ಮನೆ. ಓಣಿಯವರು ಯಾರೂ ಅದನ್ನು ಸಾಕಿರಲಿಲ್ಲ, ಆದರೂ ಅದು ಒಂದು ದಿನವೂ ಉಪವಾಸ ಬಿದ್ದದ್ದನ್ನು ನಾನು ನೋಡಿರಲಿಲ್ಲ.

ನಮ್ಮ ಅತ್ತೆಯದು ಕಟ್ಟುನಿಟ್ಟಾದ ಮಡಿ. ನಾಯಿಗೆ ರೊಟ್ಟಿ ಹಾಕುವಾಗಲೂ ಸೆರಗು ಎತ್ತಿ ಕಟ್ಟಿ, ದೂರದಿಂದಲೇ ಒಗೆಯುವರು. "ಹಾಕೋದು ನಮ್ಮ ಕೆಲಸ, ತಿನ್ನೋದು ಅದರ ಕೆಲಸ. ಅದರಾಚಿಗೆ ನಡುವ ಹೋಗಬಾರದವಾ," ಎನ್ನುವರು. ನನಗೋ ನಡುವೆ ಹೋಗದಿದ್ದರೆ ಅನ್ನ ಸೇರುವುದಿಲ್ಲ. ನಾನು ಸಾಲಿ ಕಲಿಸುವವಳು, ಓಣಿಗೆಲ್ಲ ಅಕ್ಕೋರು. ದಿನಾ ಹುಡುಗರ ಉಗುರು, ಹಲ್ಲು, ತಲೆ ನೋಡುವ ಚಾಳಿ ಬಿದ್ದವಳು ನಾಯಿಯ ಕಿವಿ ಬಿಡುತ್ತೇನೆಯೇ? ಅದರ ಕಿವಿಯಲ್ಲಿ ಹುಣ್ಣಾಗಿ ಹುಳ ಬಿದ್ದಾಗ ಔಷಧಿ ತಂದು ಹಚ್ಚಿದವಳು ನಾನು. ಟಂಟಂ ಆಟೋದಲ್ಲಿ ಕೂರಿಸಿಕೊಂಡು ದನದ ದವಾಖಾನೆಗೆ ಹೋಗಿ ಹುಚ್ಚುನಾಯಿ ರೋಗದ ಸೂಜಿ ಹಾಕಿಸಿದವಳೂ ನಾನೇ. ಟಂಟಂನವನು ದಾರಿಯುದ್ದಕ್ಕೂ ನಕ್ಕ. ನಾನು ಬೈದೆ. ಬೈಯುವುದು ನನಗೆ ಸಲೀಸು.

ಹೀಗಿರುವಾಗ ಬಸ್ ನಿಲ್ದಾಣದ ಹತ್ತಿರ ಯಾವುದೋ ನಾಯಿ ಯಾರಿಗೋ ಕಚ್ಚಿತು. ನಾಯಿ ಹಿಡಿಯುವ ಗಾಡಿ ಬರುತ್ತದೆ ಎಂಬ ಮಾತು ಊರೆಲ್ಲ ಹಬ್ಬಿತು. ಕೊರಳಲ್ಲಿ ಬೆಲ್ಟು ಇದ್ದರೆ ಮನೆಯ ನಾಯಿ ಎಂದು ಬಿಡುತ್ತಾರಂತೆ, ಇಲ್ಲದ್ದನ್ನು ಹಿಡಿದು ದೂರದ ಊರಿನಾಚೆ ಒಗೆದು ಬರುತ್ತಾರಂತೆ. ಯಾರ ಗಾಡಿ, ಎಲ್ಲಿಂದ ಬರುತ್ತದೆ ಎಂದರೆ ಹೇಳುವವರಿಲ್ಲ. ಆದರೆ ಸಿಂದಗಿ ಕಡೆ ಯಂಕಂಚಿಯಲ್ಲಿರುವ ನನ್ನ ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಅವರ ಹೊಲದ ಹತ್ತಿರ ಎಲ್ಲಿಂದಲೋ ತಂದು ಬಿಟ್ಟ ನಾಲ್ಕಾರು ನಾಯಿಗಳು ಕಾಣಿಸಿಕೊಂಡಿದ್ದವಂತೆ. ಊರ ನಾಯಿಗಳು ಅವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ಹರಿದು ಹಾಕಿದವು. "ನೋಡಾಕ ಆಗಲಿಲ್ಲವಾ ತಂಗಿ," ಎಂದಳು. ನಮ್ಮ ಕೆಂದ ನಾಯಿಗೆ ಈ ಓಣಿ ಬಿಟ್ಟರೆ ಬೇರೆ ಲೋಕವೇ ಗೊತ್ತಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹಗ್ಗ, ಎತ್ತಿನ ಕೊರಳ ಗಂಟೆ, ಬಾರುಕೋಲು ಮಾರುವ ಅಂಗಡಿಗೆ ಹೋಗಿ ಬೆಲ್ಟು ಕೇಳಿದೆ.

"ಮನ್ಯಾಗ ನಾಯಿ ಸಾಕೀರೇನ್ರಿ ಅಕ್ಕೋರ?" ಎಂದ ಅಂಗಡಿಯವನು.

"ಇಲ್ರಿ, ಓಣೀದು."

"ಓಣಿ ನಾಯಿಗೆ ಬೆಲ್ಟ್ ಯಾಕ್ರಿ?"

ಗಾಡಿಯ ವಿಷಯ ಹೇಳಿದೆ. ಅವನು ಕೆಂಪನೆಯದೊಂದು ತೆಗೆದು ಕೊಟ್ಟ. ಸಂಜೆ ಕಟ್ಟಿದೆ. ನಾಯಿ ಎರಡು ಸಲ ಕೊರಳು ಕೆರೆದುಕೊಂಡು ಸುಮ್ಮನಾಯಿತು. ಎದುರುಮನೆಯ ಹಿರಿಯಾಕೆ ಮೊಮ್ಮಗಳ ಕೈ ಹಿಡಿದುಕೊಂಡು ಬಂದು ನೋಡಿ, "ಛಲೋ ಕಾಣ್ತೈತ್ರಿ, ಮದುಮಗಳಾಗೈತಿ," ಎಂದು ನಕ್ಕರು. ಎಲ್ಲರೂ ನಕ್ಕರು. ಅವತ್ತು ನಾನು ಕಣ್ತುಂಬ ನಿದ್ದೆ ಮಾಡಿದೆ.

ರೊಟ್ಟಿ ನಿಂತದ್ದು ಒಂದೇ ದಿನಕ್ಕಲ್ಲ. ಮೊದಲು ಮೂಲೆಮನೆ, ಆಮೇಲೆ ಹಿಟ್ಟಿನ ಗಿರಣಿಯವರು, ಆಮೇಲೆ ಉಳಿದವರು. ನಾಯಿ ಮಾತ್ರ ಎಂದಿನಂತೆ ಒಂದೊಂದೇ ರಂಗೋಲಿಯ ಮುಂದೆ ಕೂತು ಬರುತ್ತಿತ್ತು. ಕಡೆಗೆ ನಮ್ಮ ಮನೆಗೆ ಬರುವಾಗ ಅದರ ಹೊಟ್ಟೆ ಬೆನ್ನಿಗೆ ಹತ್ತಿರುತ್ತಿತ್ತು. ರೊಟ್ಟಿ ನಿಂತರೂ ದೂರು ನಿಲ್ಲಲಿಲ್ಲ. "ನಿಮ್ಮ ನಾಯಿ ನಮ್ಮ ಚಪ್ಪಲಿ ಒಯ್ದೈತ್ರಿ." "ನಿಮ್ಮ ನಾಯಿ ನಮ್ಮ ಕಟ್ಟೀಮ್ಯಾಲ ಹೇತೈತ್ರಿ, ಬಂದು ಬಳೀರಿ." ಬಳಿದೆ. ಆ ಕಟ್ಟೆಯ ಮೇಲೆ ಬೇರೆ ನಾಯಿಗಳೂ ಮಲಗುತ್ತವೆ, ಅವು ಯಾವುವೂ ಹೇಲುವುದಿಲ್ಲ ಎಂದು ತೋರುತ್ತದೆ.

ನನಗೆ ಸಿಟ್ಟು ನೆತ್ತಿಗೇರಿತು. ಎದುರುಮನೆಯ ಹಿರಿಯಾಕೆಯನ್ನೇ ನೇರ ಕೇಳಿದೆ. "ಮದಲ ದಿನಾ ಹಾಕ್ತಿದ್ರಲ್ರಿ, ಈಗೇನಾತು?"

"ಮದಲ ಅದು ಯಾರದೂ ಇರಲಿಲ್ಲಲ್ರಿ," ಎಂದರು ಅವರು. "ಈಗ ನಿಮ್ಮದೈತಿ. ಒಬ್ಬರ ಮನಿ ನಾಯಿನ್ನ ನಾವು ರೊಟ್ಟಿ ಹಾಕಿ ರೂಢಿ ಹಚ್ಕೊಳ್ಳೋದು ಚಂದ ಅಲ್ರಿ. ನಾಳೆ ನೀವ ಏನರ ತಿಳಕೊಂಡೀರಿ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ನನಗೆ ಮರ್ಯಾದೆ ಕೊಡಲೆಂದೇ ರೊಟ್ಟಿ ನಿಲ್ಲಿಸಿದ್ದರು. ಮುಖದ ಮೇಲೆ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮರ್ಯಾದೆ ಕೊಟ್ಟವರಿಗೆ ಏನು ಹೇಳುವುದು? ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ನಮ್ಮ ಮನೆಯವರು, "ಇರಲಾರದೆ ಇರುವೆ ಬಿಟ್ಕೊಂಡಿ," ಎಂದು ಪೇಪರ್ ತಿರುವಿದರು.

ಆ ದಿನಗಳಲ್ಲೇ ಇಂಡಿಯಿಂದ ಅಣ್ಣನ ಫೋನು ಬಂತು. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಿದ್ದರು, ಸೊಂಟ ಮುರಿದಿತ್ತು. ಇದ್ದ ಬಟ್ಟೆಯಲ್ಲೇ ಮನೆಯ ಮೂವರೂ ಹೊರಟೆವು. ಬೀಗ ಹಾಕಿದೆ, ಗ್ಯಾಸ್ ನೋಡಿದೆ, ನೀರಿನ ನಲ್ಲಿ ನೋಡಿದೆ. ನಾಯಿಯ ನೆನಪಾಗಲಿಲ್ಲ. ಮೊದಲೆಲ್ಲ ವಾರಗಟ್ಟಲೆ ಊರಿಗೆ ಹೋದರೂ ಅದರ ಚಿಂತೆ ಮಾಡುವ ಕಾರಣ ಇರಲಿಲ್ಲವಲ್ಲ.

ಅಪ್ಪನ ಮಂಚದ ಹತ್ತಿರ ಕೂತಿದ್ದಾಗ ಎದುರುಮನೆಯವರು ಫೋನು ಮಾಡಿದರು. "ನಿಮ್ಮ ನಾಯಿ ನಮ್ಮ ಕೂಸಿಗೆ ಕಚ್ಚೈತ್ರಿ," ಎಂದಷ್ಟೇ ಹೇಳಿ ಇಟ್ಟರು. ಅತ್ತೆಯನ್ನೂ ಮನೆಯವರನ್ನೂ ಅಪ್ಪನ ಹತ್ತಿರ ಬಿಟ್ಟು ಒಬ್ಬಳೇ ಬಸ್ಸು ಹತ್ತಿದೆ. ವಿಜಯಪುರದಲ್ಲಿ ಬಸ್ಸು ಬದಲಿಸಿದೆ. ಬಸವನ ಬಾಗೇವಾಡಿಯಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದಾಗ ಅವನ ಮೇಲೂ ಹರಿಹಾಯ್ದೆ. ಎಷ್ಟು ಆಳವಾಗಿ ಕಚ್ಚಿದೆ, ಮುಖಕ್ಕೋ ಕೈಗೋ, ಕೇಳಲು ಫೋನು ಕೈಗೆತ್ತಿಕೊಳ್ಳುತ್ತಿದ್ದೆ, ಧೈರ್ಯ ಸಾಲದೆ ಇಡುತ್ತಿದ್ದೆ.

ಕೈಗೆ ಕಚ್ಚಿತ್ತು. ಸಣ್ಣ ಕೈ, ದೊಡ್ಡ ಬ್ಯಾಂಡೇಜು. ಸರ್ಕಾರಿ ದವಾಖಾನೆಯಲ್ಲಿ ಮೊದಲ ಸೂಜಿ ಆಗಿತ್ತು, ಇನ್ನೂ ಇದ್ದವು. ನಾಯಿಗೆ ನಾನು ಸೂಜಿ ಹಾಕಿಸಿದ್ದೇನೆ ಎಂದೆ. ಹೇಳುವಾಗಲೇ ಅದು ಎಂಥ ಬಡ ಮಾತು ಎಂದು ನನಗೇ ಅನಿಸಿತು. ಹಿರಿಯಾಕೆ ಜಗಳ ತೆಗೆಯಲಿಲ್ಲ, ಕೂಡ್ರಿ ಅನ್ನಲೂ ಇಲ್ಲ.

ಕೂಸೇ ಹೇಳಿತು. "ಅದು ನಿಮ್ಮ ಬಾಗಿಲ ಮುಂದ ಮಕ್ಕೊಂಡಿತ್ರಿ ಅಕ್ಕೋರ. ಏನೂ ತಿಂದಿರಲಿಲ್ಲ. ನಾ ಬೆಲ್ಟ್ ಹಿಡದು ಜಗ್ಗಿದ್ನಿ."

"ಯಾಕ ಜಗ್ಗಿದಿ ಯವ್ವಾ?"

"ನಮ್ಮನಿಗೆ ಕರಕೊಂಡು ಹೋಗಾಕ. ರೊಟ್ಟಿ ಹಾಕಾಕ."

ಅಷ್ಟು ದಿನ ಆ ನಾಯಿಯನ್ನು ಯಾವ ಮಕ್ಕಳೂ ಹಿಡಿದು ಎಳೆದಿರಲಿಲ್ಲ. ಹಿಡಿಯಲು ಅದರ ಮೈಮೇಲೆ ಏನೂ ಇರಲಿಲ್ಲ. ನಾನು ಅಲ್ಲಿಯೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಹಿರಿಯಾಕೆ ನೀರು ತಂದು ಮುಂದಿಟ್ಟು ಒಳಗೆ ಹೋದರು.

ಓಣಿಯ ಗಂಡಸರು ಸಂಜೆ ಬಂದು ಮಾತು ಮುಗಿಸಿದರು. ಕಟ್ಟಿ ಹಾಕುವುದಾದರೆ ಇರಲಿ, ಇಲ್ಲವಾದರೆ ಅವರೇ ಹಿಡಿದು ಊರಾಚೆ ಬಿಟ್ಟು ಬರುತ್ತಾರೆ. ಯಾವ ಗಾಡಿಗೆ ಹೆದರಿ ಬೆಲ್ಟು ಕಟ್ಟಿದೆನೋ ಆ ಗಾಡಿ ನಮ್ಮ ಓಣಿಗೆ ಇವತ್ತಿನವರೆಗೂ ಬಂದಿಲ್ಲ. ಅದೇ ಅಂಗಡಿಗೆ ಹೋಗಿ ಸರಪಳಿ ತಂದೆ.

ಕಟ್ಟಿದ ನಾಯಿ ಹಗಲೆಲ್ಲ ಮಲಗಿರುತ್ತದೆ. ಬೆಳಿಗ್ಗೆ ಓಣಿಯಲ್ಲಿ ರೊಟ್ಟಿಯ ಸದ್ದು ಏಳುತ್ತಲೇ ಎದ್ದು ನಿಂತು ಸರಪಳಿ ಜಗ್ಗುತ್ತದೆ, ಉಸಿರು ಕಟ್ಟುವವರೆಗೂ ಜಗ್ಗುತ್ತದೆ. ನಾವು ಹಾಕಿದ್ದನ್ನು ಮೂಸುವುದೂ ಇಲ್ಲ. ಎಲ್ಲ ಮನೆಗಳ ಸದ್ದು ಅಡಗಿದ ಮೇಲೆ ಬಂದು ತಿನ್ನುತ್ತದೆ. ಅಪ್ಪ ಸ್ವಲ್ಪ ಸುಧಾರಿಸಿದ ಮೇಲೆ ಊರಿಗೆ ಮರಳಿದ ಅತ್ತೆ ಇದನ್ನು ನಾಲ್ಕು ದಿನ ನೋಡಿದರು. ಬೆಲ್ಟು ಬಿಚ್ಚಿಬಿಡುತ್ತೇನೆ, ಮೊದಲಿನಂತೆ ಎಲ್ಲರದೂ ಆಗಲಿ ಎಂದು ನಾನು ಹಾರಾಡಿದಾಗ, "ಕೊರಳಾಗಿಂದ ಬಿಚ್ಚತಿ. ಮಂದಿ ತಲ್ಯಾಗಿಂದ ಹೆಂಗ ಬಿಚ್ಚತಿ?" ಎಂದರು.

ನಾನು ಹಟಮಾರಿ. ಕೂಸಿನ ಸೂಜಿಗಳೆಲ್ಲ ಮುಗಿದು ಕೈ ಮಾಯ್ದ ಮೇಲೆ ಒಂದು ಬೆಳಿಗ್ಗೆ ಸರಪಳಿಯನ್ನೂ ಬೆಲ್ಟನ್ನೂ ಬಿಚ್ಚಿ ಗೇಟು ತೆರೆದೆ. ಕೊರಳ ಸುತ್ತ ಕೂದಲು ಸವೆದು ಚರ್ಮ ಕಾಣುತ್ತಿತ್ತು. ನಾಯಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿತು. ಆಮೇಲೆ ನೆಟ್ಟಗೆ ಎದುರುಮನೆಗೆ ಹೋಗಿ ರಂಗೋಲಿಯ ಆಚೆಗೆ ಕೂತಿತು. ನಾನು ಗೇಟಿನ ಹಿಂದೆ ನಿಂತು ದೇವರ ಹೆಸರೆಲ್ಲ ನೆನೆದೆ. ಒಂದು ರೊಟ್ಟಿ, ಒಂದೇ ಒಂದು ರೊಟ್ಟಿ ಆ ಮನೆಯಿಂದ ಬಿದ್ದರೆ ಸಾಕಿತ್ತು.

ಸದ್ದು ನಿಂತಿತು. ಹಿರಿಯಾಕೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಹಿಂದೆ ಕೂಸು ಬಾಗಿಲಿಗೆ ಅಂಟಿಕೊಂಡು, ಮಾಯ್ದ ಕೈಯನ್ನು ಲಂಗದ ಮರೆಯಲ್ಲಿ ಇಟ್ಟುಕೊಂಡು ನಿಂತಿತ್ತು. ನಾಯಿಯ ಬಾಲ ನೆಲ ಬಡಿಯತೊಡಗಿತು.

"ಅಕ್ಕೋರ," ಎಂದು ಹಿರಿಯಾಕೆ ನಮ್ಮ ಮನೆಯ ಕಡೆ ಮುಖ ಮಾಡಿ ಕೂಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ನೆರೆಯವರ ಕರು ಹಗ್ಗ ಬಿಚ್ಚಿಕೊಂಡು ಬಂದರೆ ಹೇಗೆ ಹೇಳುತ್ತಾರೋ ಹಾಗೆಯೇ ಹೇಳಿದರು. "ನಿಮ್ಮ ನಾಯಿ ಬಿಚ್ಚಿಕೊಂಡು ಬಂದೈತಿ ನೋಡ್ರಿ. ಕೂಸು ಹೆದರಾಕತ್ತೈತಿ. ಕರಕೊಂಡು ಹೋಗ್ರಿ."

ಕರೆದೆ. ಬರಲಿಲ್ಲ. ಅದು ಅವರ ಕೈಯನ್ನೇ ನೋಡುತ್ತಿತ್ತು. ಎರಡೂ ತೋಳಿನಲ್ಲಿ ಅವುಚಿ ಎತ್ತಿಕೊಂಡು ಓಣಿ ದಾಟಿದೆ. ನಾನು ಗೇಟು ಹಾಕುವವರೆಗೂ ಅದು ನನ್ನ ಹೆಗಲ ಮೇಲಿಂದ ಆ ಬಾಗಿಲ ಕಡೆಗೇ ಬಾಲ ಅಲ್ಲಾಡಿಸುತ್ತಿತ್ತು.