ಸಡಿಲು ಕಟ್ಟಿದ ಚೀಲ

ಕೊಟ್ಟೂರಿನ ಗುರುಬಸಮ್ಮ ಹುರಿದ ಕಡಲೆಯ ಪುಟಾಣಿಯನ್ನು ಚೀಲಕ್ಕೆ ಕಟ್ಟುವುದನ್ನು ಕಂಡರೆ ಹಮಾಲರಿಗೆ ನಗು. ಗೋಣಿಚೀಲವನ್ನು ಮುಕ್ಕಾಲು ಮಾತ್ರ ತುಂಬಿ, ಬಾಯಿ ಹೊಲಿದು, ಅದನ್ನು ಇನ್ನೊಂದು ದೊಡ್ಡ ಚೀಲದೊಳಗೆ ಇಳಿಬಿಟ್ಟು ಮತ್ತೆ ಹೊಲಿಯುತ್ತಿದ್ದಳು. ನಗುವವರು ನಗಲಿ. ಇಟ್ಟಿಗಿ ಊರಿನ ಸಂತೆಯಲ್ಲಿ ಬಸ್ಸಿನ ಟಾಪಿನಿಂದ ಸರಕು ಒಗೆದಾಗ ಬೇರೆಯವರ ಚೀಲ ಒಡೆದು ಕೋಳಿಗಳಿಗೆ ಸುಗ್ಗಿಯಾಗುತ್ತಿತ್ತು. ಇವಳ ಚೀಲ ಧೊಪ್ಪೆಂದು ಬಿದ್ದು, ಬಿದ್ದಲ್ಲೇ ಕೂತಿರುತ್ತಿತ್ತು.

ಇದನ್ನು ಕಲಿಸಿದವನು ಅವಳ ಗಂಡ ಜಂಬಯ್ಯ, ತೀರಿಕೊಂಡು ಮೂರು ವರ್ಷವಾಗಿತ್ತು. ಅವನು ಸೈನ್ಯದಲ್ಲಿದ್ದಾಗ ಈಶಾನ್ಯದ ಬೆಟ್ಟಗಳಲ್ಲಿ ಕ್ಯಾರಿಬೂ ಎಂಬ ವಿಮಾನದಿಂದ ಸರಕು ತಳ್ಳುವ ಕೆಲಸ ಮಾಡಿದವನು. ದಪ್ಪ ಹೊಟ್ಟೆ, ಬೆನ್ನ ಮೇಲೆ ರೆಕ್ಕೆ, ಎತ್ತಿದ ಬಾಲ, ಬಾಲದ ಕೆಳಗೇ ಬಾಗಿಲು. ನಮ್ಮ ಕೆರೆ ಏರಿಯಷ್ಟು ನೆಲ ಸಿಕ್ಕರೂ ಸಾಕು, ಇಳಿದು ಮತ್ತೆ ಏರುತ್ತಿತ್ತಂತೆ. ಅಷ್ಟೂ ನೆಲವಿಲ್ಲದ ಕಡೆ, ಹಾರುತ್ತಲೇ ಬಾಗಿಲು ತೆರೆದು ಹಿಟ್ಟು, ಉಪ್ಪು ತಳ್ಳಬೇಕು. ಒಳಚೀಲ ಒಡೆದರೂ ಹೊರಚೀಲ ಹಿಡಿಯಲಿ ಅಂತ ಸಡಿಲು ಕಟ್ಟುವುದು. ಕಡಲೆ ಹುರಿಯುವ ಒಲೆಯ ಮುಂದೆ ಕೂತು ದಿನಾ ಕೇಳಿದ್ದ ಗುರುಬಸಮ್ಮನಿಗೆ, ಆ ವಿಮಾನ ತಾನು ಹಾಲು ಕರೆಯುವ ಎಮ್ಮೆಯಷ್ಟೇ ಗುರುತು. ಕಣ್ಣಿಂದ ನೋಡಿದ್ದಿಲ್ಲ, ಅಷ್ಟೆ.

ಕಾರ್ಗಿಲ್ ಯುದ್ಧ ಮುಗಿದ ವರ್ಷ, ಸ್ವಾತಂತ್ರ್ಯ ದಿನಕ್ಕೆ ಊರಿನ ಯೋಧರಿಗೆ, ತೀರಿಕೊಂಡಿದ್ದರೆ ಅವರ ಮನೆಯವರಿಗೆ, ಸನ್ಮಾನ ಮಾಡಬೇಕೆಂದು ಓಣಿಯ ಯುವಕ ಸಂಘದ ಮಂಜಣ್ಣ ಹೊರಟ. ವಿಮಾನದಲ್ಲಿ ಜಂಬಯ್ಯನ ಜೊತೆಗಾರನಾಗಿದ್ದ ಗೌಸ್ ಪೀರ್ ಹರಪನಹಳ್ಳಿಯಿಂದ ಹಿಂದಿನ ದಿನವೇ ಬಂದ. ಅವನೂ ಗುರುಬಸಮ್ಮನೂ ಶಾಲೆಯ ಬಯಲಿಗೆ ಹೋಗಿ ನೋಡಿದರೆ, ವೇದಿಕೆಯ ಹಿಂದಿನ ಪರದೆಯಲ್ಲಿ ಪೇಂಟರ್ ಯೂನುಸ ಚೂಪು ಮೂತಿಯ ವಿಮಾನ ಬರೆದಿದ್ದ. ಅದರಿಂದ ಬಾಂಬುಗಳು ಉದುರುತ್ತಿದ್ದವು, ಪಕ್ಕದಲ್ಲಿ ಜಂಬಯ್ಯನ ಮುಖ. ಕೆಳಗೇನು ಬರೆದಿದೆ ಎಂದು ಗುರುಬಸಮ್ಮ ಕೇಳಿದಳು. ಶತ್ರುಗಳ ಮೇಲೆ ಬಾಂಬಿನ ಮಳೆಗರೆದ ವೀರ ಎಂದು ಗೌಸ್ ಪೀರ್ ಓದಿ ಹೇಳಿದ.

"ಇರ್ಲಿ ಬಿಡು ತಂಗೆವ್ವ," ಎಂದ. "ಉಪ್ಪು ಒಗದ್ವಿ ಅಂದ್ರ ಚಪ್ಪಾಳಿ ಯಾರು ಹೊಡಿತಾರ?"

"ನಿಮಗ ಚಪ್ಪಾಳಿ ಬೇಕೇನ್ರಿ ಅಣ್ಣಾರ?"

ಗೌಸ್ ಪೀರ್ ಹೋಗಿ ಮಂಜಣ್ಣನನ್ನು ಕರೆತಂದ.

ಮಂಜಣ್ಣ ಕೂತು ಬಹಳ ಮಾತಾಡಿದ. ಜನ ಬಿಸಿಯಾಗಿದ್ದಾರೆ, ಈಗ ಉಪ್ಪಿನ ಕತೆ ತೆಗೆದರೆ ನಗುತ್ತಾರೆ, ನಿಮ್ಮ ಮಾನಕ್ಕಾಗಿಯೇ ಹೇಳುತ್ತಿದ್ದೇನೆ ಅಂದ.

"ನನ್ನ ಮಾನ ನಾ ನೋಡ್ಕೆಂತೀನಿ ತಮ್ಮಾ. ಅವರು ಮಾಡಲಾರದ್ದನ್ನ ಅವರ ಹೆಸರಿಗೆ ಹಚ್ಚಬ್ಯಾಡ. ಮಾಡಿದ್ದು ಅಳಿಸಿ ಹೋಕ್ಕತಿ."

"ಪರದೆ ಬರೆಸಿ ಆಗೇತ್ರಿ ಅಮ್ಮಾರ," ಎಂದು ಮಂಜಣ್ಣ ಎದ್ದು ಹೋದ.

ಮರುದಿನ ಗುರುಬಸಮ್ಮ ತಳ್ಳುಗಾಡಿಯಲ್ಲಿ ಎರಡು ಮೂಟೆ ಉಪ್ಪು ಹೇರಿಕೊಂಡು ಬಂದಳು. ಒಂದು ಬಿಗಿಯಾಗಿ ತುಂಬಿದ ಒಂಟಿ ಚೀಲ, ಇನ್ನೊಂದು ಜಂಬಯ್ಯನ ಕಟ್ಟು. ಹಮಾಲರನ್ನು ಕೇಳಿ ಎರಡನ್ನೂ ಶಾಲೆಯ ಮಾಳಿಗೆ ಹತ್ತಿಸಿದಳು. ಮೈಕಿನಲ್ಲಿ ತನ್ನ ಹೆಸರು ಕೂಗಿದಾಗ ವೇದಿಕೆಗೆ ಹೋಗದೆ ಮೆಟ್ಟಿಲು ಹತ್ತಿದಳು. ಹಿಂದೆಯೇ ಮಂಡಿ ಹಿಡಿದುಕೊಂಡು ಗೌಸ್ ಪೀರ್ ಹತ್ತಿದ. ಎತ್ತರ ನೋಡಿ ಅವನ ಮುಖ ಸಣ್ಣಗಾಯಿತು. ಬಸ್ಸಿನ ಟಾಪು ಬೇರೆ, ಎರಡಂತಸ್ತಿನ ಮಾಳಿಗೆ ಬೇರೆ. ಊರೆಲ್ಲ ನೋಡುತ್ತಿರುವಾಗ ಈ ಚೀಲವೂ ಒಡೆದರೆ ಜಂಬಯ್ಯ ಬಾಯಿಬಡುಕನೆಂದೇ ಉಳಿಯುತ್ತಾನೆ. ಅದು ಅವಳಿಗೂ ಗೊತ್ತಿತ್ತು.

ಕೆಳಗಿನ ಮಕ್ಕಳನ್ನು ದೂರ ಸರಿಸಿ ಎಂದು ಹೇಳಿ, ಇಬ್ಬರೂ ಸೇರಿ ಮೊದಲು ಒಂಟಿ ಚೀಲ ತಳ್ಳಿದರು. ಅದು ಒಡೆದು ನೆಲವೆಲ್ಲ ಬೆಳ್ಳಗಾಯಿತು. ಜನ ಹೋ ಎಂದು ನಕ್ಕರು. ಎರಡನೆಯದನ್ನು ತಳ್ಳುವಾಗ ಗೌಸ್ ಪೀರ್ ಚೀಲದ ಮೂಲೆಯನ್ನು ಹಳೆಯ ರೂಢಿಯಂತೆ ಅಂಗೈಯಿಂದ ಒಂದು ಸಲ ತಟ್ಟಿದ. ಚೀಲ ಬಿತ್ತು, ಒಳಗೆ ಪರ್ರೆಂದು ಹರಿದ ಸದ್ದು. ಹಮಾಲನೊಬ್ಬ ಅದನ್ನು ಹೊರಳಿಸಿ ನೋಡಿದ. ಹೊರಗೆ ಒಂದು ಹರಳೂ ಬಿದ್ದಿರಲಿಲ್ಲ. ನಗು ನಿಂತಿತು.

ಗೌಸ್ ಪೀರ್ ಮಾಳಿಗೆಯ ಮೇಲಿನಿಂದಲೇ ಹೇಳಿದ: "ನಾವು ಬಾಂಬ್ ಹಾಕಿಲ್ರಿ. ಹಿಂಗ ಹಾಕಿದ್ವಿ. ಕೆಳಗ ಹಿಮದಾಗ ಇದ್ದ ನಮ್ಮ ಹುಡುಗ್ರು ಉಂಡ್ರು."

ಇಳಿದು ಬಂದವಳ ಮುಂದೆ ಮಂಜಣ್ಣ ಶಾಲು ಹಿಡಿದು ನಿಂತ. ಗುರುಬಸಮ್ಮ ಹೆಗಲು ಕೊಡಲಿಲ್ಲ.

"ಮೊದ್ಲು ಅದನ್ನ ತಿರುವಿ ಹಾಕ್ಸು."

ಯೂನುಸ ಪರದೆ ಬಿಚ್ಚಿ ಬಿಳಿಯ ಮಗ್ಗುಲು ಮುಂದೆ ಮಾಡಿ ಕಟ್ಟಿದ. ಇದ್ದಿಲು ಹಿಡಿದು, ಹೇಳ್ರಿ ಅಂದ. ಹೊಟ್ಟೆ ದಪ್ಪ ಮಾಡು, ರೆಕ್ಕೆ ಬೆನ್ನ ಮೇಲೆ ಬರಲಿ, ಬಾಲ ಇನ್ನೂ ಮೇಲೆ ಎಂದು ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಭಾಷಣಕ್ಕೆ ಬಂದವರು ಗಡಿಯಾರ ನೋಡಿಕೊಂಡು ಕೂತರು. ಗೌಸ್ ಪೀರ್ ಪರದೆಯ ಹತ್ತಿರ ಹೋಗಿ, ಬಾಲದ ಕೆಳಗೆ ಬೆರಳಿಟ್ಟ.

"ಬಾಗ್ಲಾ ಇನ್ನಾ ಸ್ವಲ್ಪ ತೆಗಿ ಯೂನುಸ. ಚೀಲ ಹೊರಗ ಬರಬೇಕಲಾ."

ಯೂನುಸ ಬಾಗಿಲು ತೆರೆದ. ಆಮೇಲೆ ಗುರುಬಸಮ್ಮ ಮಂಜಣ್ಣನ ಕಡೆ ತಿರುಗಿ, ಈಗ ಹೊದಿಸು ಅಂದಳು.