ಟವಲು ಇಟ್ಟ ಜಾಗ

ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರಿದ್ದ ಟೈಲರ್ ಸಾಹೇಬರ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಮಿಷನ್ ತುಳಿಯುವಾಗ ತಿಳಿಯುತ್ತಿರಲಿಲ್ಲ; ಹೆಚ್ಚು ಹೊತ್ತು ನಿಂತರೆ ಮಾತ್ರ ಮುಖ ಹಿಂಡುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದರಿಂದಲೇ ಇದನ್ನು ಬರೆಯಲು ಇಷ್ಟು ವರ್ಷ ಹಿಂದೇಟು ಹಾಕಿದೆ.

ಬೆಂಗಳೂರಿನಲ್ಲಿ ಟೆಸ್ಟ್ ಮ್ಯಾಚ್ ಎಂದರೆ ಅವರು ಅಂಗಡಿ ಮುಚ್ಚಿ ಹೊರಡುತ್ತಿದ್ದರು. ಊರಿನವರು ಯಾರೇ ಹೋಗುವವರಿರಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಚಾಕ್‌ಪೀಸಿನಲ್ಲಿ ಸ್ಟೇಡಿಯಂ ಬರೆದು ತೋರಿಸುವರು. "ಇಲ್ಲಿ ಕೂರು. ಮೂರು ಗಂಟೆ ಮೇಲೆ ಬಿಸ್ಲು ಬೆನ್ನಿಗೆ. ನೀರು ಜಾಸ್ತಿ ಕುಡೀಬೇಡ ಮಾರಾಯ, ಎದ್ರೆ ಜಾಗ ಹೋಯ್ತು. ಎದ್ದೋನ ಜಾಗ ಟವಲು ಕಾಯ್ತದೆ, ಟವಲನ್ನ ಸ್ನೇಹಿತ ಕಾಯ್ಬೇಕು."

ಎಂಬತ್ತರ ದಶಕದ ಒಂದು ವರ್ಷ ನನ್ನನ್ನೂ ಕರೆದೊಯ್ದರು. ನಾನಾಗ ಬಸರೀಕಟ್ಟೆ ಕಡೆಯ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್. ನಸುಕಿನಲ್ಲೇ ಸಾಲಿನಲ್ಲಿ ನಿಂತು ಕಂಬದ ಪಕ್ಕದ ನೆರಳು ಹಿಡಿದೆವು. ಅಂದು ಶುಕ್ರವಾರ. ಮಧ್ಯಾಹ್ನ ಅವರು ಟವಲು ಹಾಸಿ, "ನಮಾಜ್ ಮುಗಿಸಿ ಬಂದೆ, ನೋಡ್ಕೋ" ಎಂದು ಕುಂಟುತ್ತಾ ಹೋದರು.

ಅಷ್ಟರಲ್ಲಿ ನಮ್ಮ ಎಸ್ಟೇಟಿನ ಮ್ಯಾನೇಜರು ಜಾಗ ಹುಡುಕುತ್ತಾ ಬಂದರು. "ಓಹೋ, ರಜೆ ಕೇಳಿದ್ದು ಇದಕ್ಕಾ! ಇಲ್ಲಿ ಯಾರಾದ್ರೂ ಇದಾರೇನಯ್ಯ?"

"ಯಾರಿಲ್ಲ ಸಾರ್, ಕೂತ್ಕೊಳ್ಳಿ." ಟವಲು ಎಳೆದು ಚೀಲಕ್ಕೆ ತುರುಕಿದೆ.

ಸಾಹೇಬರು ಬಂದರು. ನೋಡಿದರು. ಹಿಂದೆ ಹೋಗಿ ಗೋಡೆಗೆ ಒರಗಿ ನಿಂತರು.

"ಹಿಂದೆ ನಿಂತೋರು ನಿನ್ನನ್ನೇ ನೋಡ್ತಿದಾರಲ್ಲ, ಗುರ್ತಾ?" ಎಂದರು ಮ್ಯಾನೇಜರು.

"ಗುರ್ತಿಲ್ಲ ಸಾರ್."

ಆಟ ಮುಗಿಯುವವರೆಗೂ ಅವರು ನಿಂತೇ ಇದ್ದರು. ನಾನು ಹಿಂದೆ ತಿರುಗಲಿಲ್ಲ. ಆ ಮಧ್ಯಾಹ್ನ ಯಾರು ಎಷ್ಟು ಹೊಡೆದರು ಎಂಬುದೂ ಇಂದು ನೆನಪಿಲ್ಲ.

ಸಂಜೆ ಊರಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಹೇಬರು ಮೊದಲೇ ಹತ್ತಿದ್ದರು. ಪಕ್ಕದ ಸೀಟಿನ ಮೇಲೆ ಅವರ ಬಿಳಿ ಟೋಪಿ ಇತ್ತು. ಅದನ್ನೆತ್ತಿ, "ಬಾ. ಇಬ್ರು ಬಂದು ಕೇಳಿದ್ರು. ನಮ್ಮೋನು ಒಬ್ಬ ಬರ್ತಾನೆ ಅಂದೆ" ಎಂದರು. ಆಮೇಲೆ ಕಾಲು ಒತ್ತಿಕೊಳ್ಳುತ್ತಾ ಕಣ್ಣು ಮುಚ್ಚಿದರು.

ಮುಂದೆಯೂ ನನ್ನ ಅಂಗಿಗಳನ್ನು ಅವರೇ ಹೊಲಿದರು. ಭುಜದ ಅಳತೆ ತೆಗೆಯುವಾಗ ಎಷ್ಟೋ ಸಲ ಬಾಯಿ ತೆರೆದಿದ್ದೆ. "ಅಲ್ಲಾಡ್ಬೇಡ" ಎನ್ನುವರು, ನಾನು ನೆಟ್ಟಗೆ ನಿಲ್ಲುವೆ. ಅವರು ತೀರಿಕೊಂಡ ದಿನ, ಅಂದಿನಿಂದ ನನ್ನಲ್ಲೇ ಉಳಿದಿದ್ದ ಆ ಟವಲನ್ನು ಒಗೆದು, ಮಡಿಸಿ, ಅವರ ಮನೆಯವರೆಗೂ ಒಯ್ದೆ. ಬಾಗಿಲಲ್ಲಿ ಅವರ ಮಗ, "ಒಳಗೆ ಬನ್ನಿ, ಜಾಗ ಇದೆ" ಎಂದ.

ಒಳಗೆ ಹೋಗುವ ಮುಖ ನನಗಿರಲಿಲ್ಲ. ಜನವೆಲ್ಲ ಹೋಗುವವರೆಗೂ ಹೊರಗೆ ನಿಂತಿದ್ದು, ಟವಲನ್ನು ವಾಪಸು ತಂದೆ.